ಬಣ್ಣದ ಕೆಳಗಿನ ದೋಣಿ

ಮತ ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಬನ್ನಿಮಂಟಪದಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂಬ ಹೆಸರಿನಲ್ಲಿ ಶುರುವಾದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಸಾರ್ವತ್ರಿಕ ಚುನಾವಣೆಯಿಂದ ಈಚೆಗೆ ದೇಶದ ಬೆರಳುಗಳಿಗೆಲ್ಲ ಗುರುತು ಹೋಗುತ್ತಿರುವುದು ಇಲ್ಲಿಂದ. ಆ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಅದು ಚರ್ಮದ ಉಪ್ಪಿನೊಂದಿಗೆ ಕೂಡಿ, ಬೆಳಕು ಬಿದ್ದಾಗ ಕಪ್ಪಾಗಿ, ಚರ್ಮದ ಮೇಲ್ಪದರದೊಳಗೇ ಕೂತುಬಿಡುತ್ತದೆ. ಆಮೇಲೆ ಸೋಪು, ಸೀಮೆಎಣ್ಣೆ ಏನು ಹಾಕಿ ಉಜ್ಜಿದರೂ ಹೋಗದು. ಉಗುರಿನ ಮೇಲಿನ ಗುರುತು ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ.

ಅದೇ ಕಾರ್ಖಾನೆಯಲ್ಲಿ ಬಣ್ಣವನ್ನೂ ಮಾಡುತ್ತಾರೆ. ಬಣ್ಣದ ಸ್ವಭಾವ ಶಾಯಿಗೆ ತದ್ವಿರುದ್ಧ. ಅದು ವಸ್ತುವಿನ ಒಳಗೆ ಇಳಿಯುವುದಿಲ್ಲ, ಮೇಲೆ ಹೊದಿಕೆಯಾಗಿ ಮಲಗುತ್ತದೆ. ಒಣಗಿದ ಒಂದು ಕೋಟಿನ ದಪ್ಪ ಸುಮಾರು 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತಲೂ ತೆಳು. ಎರಡು ಮೂರು ಕೋಟು ಬಿದ್ದರೂ ಒಂದು ಮಿಲಿಮೀಟರಿನ ಆರನೇ ಒಂದು ಪಾಲನ್ನೂ ಮುಟ್ಟದು. ಅಷ್ಟು ತೆಳುವಾದ ಹೊದಿಕೆ ಕಣ್ಣಿಗೆ ಒಂದು ಇಡೀ ದೋಣಿಯ ವಯಸ್ಸನ್ನು ಮರೆಮಾಡಬಲ್ಲದು. ಕಿವಿಗೆ, ಮೂಗಿಗೆ, ತಕ್ಕಡಿಗೆ ಮರೆಮಾಡಲಾರದು. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಅದನ್ನೇ.

ಅಕ್ಕನ ಮಗ ಒಂದು ಬೆಳಿಗ್ಗೆ ಫೋನ್ ಮಾಡಿ, “ಮಾವ, ಒಂದು ದೋಣಿ ನೋಡಿದ್ದೀನಿ. ನಿಮ್ಮ ಮನೆ ಹತ್ತಿರಾನೇ ಇದೆ, ಬಂದು ನೋಡ್ತೀರಾ?” ಎಂದ. ಕರಾವಳಿಯಿಂದ ಯಾರೋ ಲಾರಿಯಲ್ಲಿ ತಂದು, ಬನ್ನಿಮಂಟಪದ ಒಂದು ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ಬಣ್ಣ ಹೊಡೆಸಿ ಮಾರಾಟಕ್ಕೆ ಇಟ್ಟಿದ್ದ 16 ಅಡಿಯ ಫೈಬರ್ ದೋಣಿ ಅದು. ಕಬಿನಿ ಹಿನ್ನೀರಿನ ಬದಿಯಲ್ಲಿ ಗೆಳೆಯನ ಜೊತೆ ತಂಗುಮನೆ ನಡೆಸುವ ಹುಡುಗ ಇವನು. ನಾನು ಹೋಗಿ ನೋಡಿದಾಗ ದೋಣಿ ನವಿಲಿನ ಕತ್ತಿನಂತೆ ನೀಲಿಯಾಗಿ ಹೊಳೆಯುತ್ತಿತ್ತು. ಹುಡುಗನ ಮುಖವೂ ಹೊಳೆಯುತ್ತಿತ್ತು. ಆಗಲೇ ಮನಸ್ಸಿನಲ್ಲಿ ಕೊಂಡುಬಿಟ್ಟಿದ್ದ.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದವರಿಗೆ ಫೈಬರ್ ದೋಣಿ ಹುಟ್ಟುವ ಬಗೆಯನ್ನು ವಿವರಿಸುವುದು ಸುಲಭ. ಮರದ ಅಚ್ಚಿನ ಒಳಮೈಯಲ್ಲಿ ಕೆತ್ತಿದ ಗೆರೆಯೆಲ್ಲ ಸಕ್ಕರೆ ಆನೆಯ ಹೊರಮೈಗೆ ಬರುತ್ತದೆ. ದೋಣಿಗೂ ಹಾಗೆಯೇ ಒಂದು ದೊಡ್ಡ ತೊಟ್ಟಿಯಂಥ ಅಚ್ಚು. ಅದರ ಒಳಮೈಯನ್ನು ಕನ್ನಡಿಯಂತೆ ಉಜ್ಜಿ, ಮೇಣ ಸವರಿ, ಮೊದಲು ಬಣ್ಣ ಬೆರೆಸಿದ ರಾಳವನ್ನು ಸುಮಾರು ಅರ್ಧ ಮಿಲಿಮೀಟರ್ ದಪ್ಪಕ್ಕೆ ಹಚ್ಚುತ್ತಾರೆ. ಇದು ಜೆಲ್‌ಕೋಟ್. ಅದರ ಮೇಲೆ ಗಾಜಿನ ನಾರಿನ ಚಾಪೆ, ಮೇಲೆ ಪಾಲಿಯೆಸ್ಟರ್ ರಾಳ, ಮತ್ತೆ ಚಾಪೆ, ಮತ್ತೆ ರಾಳ. ಪ್ರತಿ ಪದರದ ಮೇಲೂ ರೋಲರ್ ಓಡಿಸಿ ಗಾಳಿಗುಳ್ಳೆ ಹೊರಡಿಸಬೇಕು. ಗಟ್ಟಿಯಾದ ಮೇಲೆ ಅಚ್ಚಿನಿಂದ ಎಬ್ಬಿಸಿದರೆ ದೋಣಿ. ಹೊರಮೈ ಮೊದಲು ಹುಟ್ಟಿದ್ದು, ಒಳಮೈ ಕೊನೆಗೆ. ಹೊರಮೈಯ ನುಣುಪು ಅಚ್ಚಿನದು, ಒಳಮೈಯ ಒರಟು ಕೆಲಸಗಾರನ ಕೈಯದು. ಹಳೆಯ ದೋಣಿ ನೋಡುವವರು ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಪರೀಕ್ಷೆ ಕಲಿತಂತೆ.

ಗಾಜು ಮುಟ್ಟಿದರೆ ಒಡೆಯುವ ವಸ್ತು. ಅದರಿಂದ ದೋಣಿ ಮಾಡುವ ಧೈರ್ಯ ಎಲ್ಲಿಂದ ಬಂತು? ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದಕ್ಕೆ ಉತ್ತರವಿದೆ. ಗಾಜು ಒಡೆಯುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಬಿರುಕುಗಳಿಂದ. ಅದನ್ನು ಎಳೆಯಾಗಿ ತೆಗೆದಷ್ಟೂ ದೊಡ್ಡ ಬಿರುಕಿಗೆ ಜಾಗವಿರುವುದಿಲ್ಲ, ಎಳೆ ತೆಳುವಾದಷ್ಟೂ ಬಲ ಹೆಚ್ಚು. ಅಂಥ ಲಕ್ಷಾಂತರ ಎಳೆಗಳನ್ನು ರಾಳದಲ್ಲಿ ಹೂತರೆ, ರಾಳದಲ್ಲಿ ಹುಟ್ಟಿದ ಬಿರುಕು ಎಳೆಯ ಹತ್ತಿರ ಬಂದು ನಿಲ್ಲುತ್ತದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದ ನಮ್ಮ ಹಿರಿಯರ ಲೆಕ್ಕವೇ ಇದು. 1940ರ ದಶಕದ ಆರಂಭದಲ್ಲಿ ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ ಎಂಬವರು ಗಾಜಿನ ನಾರು ಮತ್ತು ಪಾಲಿಯೆಸ್ಟರ್‌ನಿಂದ ದೋಣಿ ಮಾಡಿದ್ದು ಈ ದಾರಿಯ ಮೊದಲ ಹೆಜ್ಜೆಗಳಲ್ಲಿ ಒಂದು. ನಮ್ಮ ಕರಾವಳಿಗೆ ಅದು ಬಂದದ್ದು ಬಹಳ ತಡವಾಗಿ. ಆದರೆ ಈಗ ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರ ಎಲ್ಲಿ ನೋಡಿದರೂ ದಡದ ಮೇಲೆ ಸಾಲುಗಟ್ಟಿ ನಿಂತಿರುವ ನಾಡದೋಣಿಗಳು ಫೈಬರಿನವು.

ಹಾಗಾದರೆ ಬಣ್ಣ ಯಾಕೆ? ಜೆಲ್‌ಕೋಟಿನಲ್ಲೇ ಬಣ್ಣ ಇರುವಾಗ ಫೈಬರ್ ದೋಣಿಗೆ ಹುಟ್ಟಿನಿಂದ ಪೇಂಟ್ ಬೇಕಾಗಿಲ್ಲ. ಯಾರೋ ಹೊಡೆಸಿದ್ದಾರೆ ಎಂದರೆ ಕಾರಣ ಇರಬೇಕು. ಬಣ್ಣ ಕಂಡ ಕೂಡಲೇ ಮೋಸ ಎಂದುಕೊಳ್ಳುವುದು ಸರಿಯಲ್ಲ. ಬಿಸಿಲಿನ ನೇರಳಾತೀತ ಕಿರಣ ಜೆಲ್‌ಕೋಟಿನ ರಾಳವನ್ನು ಮೇಲಿನಿಂದ ತಿನ್ನುತ್ತ ಬರುತ್ತದೆ, ಹತ್ತು ಹದಿನೈದು ವರ್ಷಕ್ಕೆ ಮೈಯೆಲ್ಲ ಸುಣ್ಣ ಬಳಿದಂತೆ ಆಗಿ ಬೆರಳಿಗೆ ಬಿಳಿಪುಡಿ ಹತ್ತುತ್ತದೆ. ಅದಕ್ಕೆ ಬಣ್ಣ ಹೊಡೆಸುವುದು ಮನೆಗೆ ಸುಣ್ಣ ಹೊಡೆಸಿದಷ್ಟೇ ಸಹಜ. 2008ರ ಮುಂಬೈ ದಾಳಿಯ ನಂತರ ಕರಾವಳಿ ರಾಜ್ಯಗಳು ತಮ್ಮ ತಮ್ಮ ಮೀನುಗಾರಿಕೆ ದೋಣಿಗಳಿಗೆ ಗುರುತಿನ ಬಣ್ಣ ಹೊಡೆಸುವ ಕ್ರಮ ಬಂತು. ಆ ಕಾರಣಕ್ಕೆ ಬಣ್ಣ ಕಂಡ ದೋಣಿಗಳೂ ಇವೆ. ಇವೆಲ್ಲ ಒಳ್ಳೆಯ ಕಾರಣಗಳು. ಒಡೆದದ್ದನ್ನು ತೇಪೆ ಹಾಕಿ ಮುಚ್ಚಿದ್ದು, ತಳದಲ್ಲಿ ಎದ್ದ ಗುಳ್ಳೆಗಳನ್ನು ಉಜ್ಜಿ ಮರೆಮಾಡಿದ್ದು ಬೇರೆ ಜಾತಿಯ ಕಾರಣಗಳು. ಎರಡನ್ನೂ ಒಂದೇ ನೀಲಿ ಮುಚ್ಚುತ್ತದೆ.

ಶೆಡ್ಡಿನ ಪಕ್ಕದಲ್ಲೇ ಕಾರುಗಳಿಗೆ ಟಿಂಕರಿಂಗ್, ಪೇಂಟಿಂಗ್ ಮಾಡುವ ಹಿರಿಯ ಪೇಂಟರ್ ಒಬ್ಬರಿದ್ದರು. ದೋಣಿಗೆ ಬಣ್ಣ ಹೊಡೆದವರು ಅವರಲ್ಲ. ಆದರೆ ನಾಲ್ವತ್ತು ವರ್ಷ ಲೋಹದ ಮೇಲಿನ ಬಣ್ಣ ನೋಡಿದ ಕಣ್ಣು ಅವರದು. ಹಳೆ ಕಾರು ಕೊಳ್ಳುವವರು ಅಯಸ್ಕಾಂತ ಹಿಡಿದು ಬರುತ್ತಾರೆ. ತಗಡಿಗೆ ಅಂಟುತ್ತದೆ, ಪುಟ್ಟಿ ತುಂಬಿದ ಕಡೆ ಜಾರುತ್ತದೆ. “ಇದಕ್ಕೆ ಅದು ನಡೆಯಲ್ಲ ಸಾರ್, ಎಲ್ಲಾ ಒಂದೇ ಜಾರತ್ತೆ. ಇದಕ್ಕೆ ಟ್ಯೂಬ್‌ಲೈಟೇ ಸರಿ” ಎಂದರು ಅವರು. ಹೇಳಿದ್ದಷ್ಟೇ ಅಲ್ಲ, ಉದ್ದ ವೈರಿನ ಟ್ಯೂಬ್‌ಲೈಟ್ ತಂದು ದೋಣಿಯ ಬದಿಗೆ ಹಿಡಿದರು.

ಹೊಳೆಯುವ ಬಣ್ಣ ಕನ್ನಡಿ. ಅದರಲ್ಲಿ ಟ್ಯೂಬಿನ ಬಿಂಬ ನೇರ ಗೆರೆಯಾಗಿ ಕಾಣಬೇಕು. ಮೈ ಒಂದು ಡಿಗ್ರಿ ಓರೆಯಾದರೆ ಪ್ರತಿಫಲಿಸಿದ ಕಿರಣ ಎರಡು ಡಿಗ್ರಿ ಓರೆಯಾಗುತ್ತದೆ. ಮೂರು ಮೀಟರ್ ದೂರದಲ್ಲಿ ನಿಂತವನಿಗೆ ಅದು 10 ಸೆಂಟಿಮೀಟರ್ ಜರುಗಿದಂತೆ. ಬೆರಳಿಗೆ ಸಿಗದ ಉಬ್ಬುತಗ್ಗನ್ನು ಬೆಳಕು ಹೀಗೆ ದೊಡ್ಡದು ಮಾಡಿ ತೋರಿಸುತ್ತದೆ. ಅಚ್ಚಿನಿಂದ ಎದ್ದು ಬಂದ ಮೈಯಲ್ಲಿ ಬಿಂಬ ನದಿಯಂತೆ ಸಲೀಸಾಗಿ ಬಳುಕುತ್ತದೆ, ಕೈಯಿಂದ ಪುಟ್ಟಿ ಎಳೆದು ಉಜ್ಜಿದ ಕಡೆ ನಡುಗುತ್ತದೆ. ಮನೆಯಲ್ಲೇ ನೋಡುವವರು ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಮೈಗೆ ನೀರು ಎರಚಿ, ಕಣ್ಣನ್ನು ದೋಣಿಯ ಮೈಗೆ ತಾಗುವಷ್ಟು ಹತ್ತಿರ ತಂದು ಉದ್ದಕ್ಕೆ ನೋಡಬೇಕು. ನಡು ಮಧ್ಯಾಹ್ನ ನೋಡಲು ಕರೆಯುವವರಿಗೆ ಸಂಜೆ ಬರುತ್ತೇನೆ ಎನ್ನಿ. ಮಿರುಗು ಇಲ್ಲದ ಮಂಕು ಬಣ್ಣ ಹೊಡೆದಿದ್ದರೆ ಇನ್ನೂ ಎಚ್ಚರ ಬೇಕು, ಮಂಕು ಬಣ್ಣ ಉಬ್ಬುತಗ್ಗನ್ನು ಚೆನ್ನಾಗಿ ನುಂಗುತ್ತದೆ.

ನಮ್ಮ ದೋಣಿಯ ಬಲಬದಿಯಲ್ಲಿ, ಮೂತಿಯಿಂದ ಮೂರು ಅಡಿ ಹಿಂದೆ, ಬಿಂಬ ಒಂದು ಕಡೆ ನಡುಗಿತು. ಪೇಂಟರ್ ಸೀಸದಕಡ್ಡಿಯಿಂದ ಸುತ್ತ ಗುರುತು ಮಾಡಿದರು. ಹಗ್ಗ ಕಟ್ಟುವ ಕೊಕ್ಕೆಯ ಬುಡದಲ್ಲಿ, ಅಂಚಿನ ರಬ್ಬರಿನ ಮೇಲೆ ನೀಲಿಯ ತುಂತುರು ಬಿದ್ದಿತ್ತು. ಸಾಮಾನು ಬಿಚ್ಚದೆ, ಮಾಸ್ಕಿಂಗ್ ಟೇಪ್ ಅಂಟಿಸಿ ಹೊಡೆದ ಬಣ್ಣ ಅದು. ಅಷ್ಟರಿಂದ ದೋಣಿ ಕೆಟ್ಟಿದೆ ಎಂದಾಗುವುದಿಲ್ಲ. ಬಿಚ್ಚಲು ಸೋಮಾರಿಯಾದವರು ಒಳಗಿನ ರಿಪೇರಿಯಲ್ಲೂ ಅಷ್ಟೇ ಶ್ರಮ ಪಟ್ಟಿರುತ್ತಾರೆ ಎಂಬ ಅನುಮಾನ ಮಾತ್ರ ಬರುತ್ತದೆ. ಬಣ್ಣದ ಮೇಲೆಯೇ ಕೂದಲೆಳೆಯಂಥ ಬಿರುಕುಗಳು ಮೂಡಿದ್ದರೆ ಅವುಗಳ ಆಕಾರವನ್ನು ಓದಬೇಕು. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಸಾಲುಸಾಲಾಗಿ ಒಂದೇ ದಿಕ್ಕಿಗೆ ಓಡಿದ್ದರೆ ಆ ಜಾಗ ಮತ್ತೆ ಮತ್ತೆ ಬಾಗುತ್ತಿದೆ, ಒಳಗೆ ಆಸರೆ ಸಾಲದು. ಜೆಲ್‌ಕೋಟಿನ ಬಿರುಕನ್ನು ಬಿಡಿಸಿ ತುಂಬದೆ ಮೇಲೆ ಬಣ್ಣ ಎಳೆದರೆ ಒಂದೇ ಮಳೆಗಾಲದಲ್ಲಿ ಅದು ಮತ್ತೆ ಮೇಲೆ ಬರುತ್ತದೆ.

ಇನ್ನು ಕಿವಿಯ ಕೆಲಸ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರಲ್ಲ, ಅದೇ ವಿದ್ಯೆ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈ ಅಗಲಕ್ಕೊಂದು ಪೆಟ್ಟಿನಂತೆ ಮೆಲ್ಲಗೆ ಬಡಿಯುತ್ತ ಹೋಗಬೇಕು. ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುವ ಕಡೆ ‘ಟಕ್’ ಎಂದು ಚುರುಕಾದ ಸದ್ದು. ಪದರ ಬಿಟ್ಟುಕೊಂಡ ಕಡೆ, ನೀರು ಕುಡಿದ ಕಡೆ ಪೆಟ್ಟಿನ ಶಕ್ತಿ ಒಳಗೇ ಉಜ್ಜಾಟದಲ್ಲಿ ಕಳೆದುಹೋಗಿ ‘ದಬ್’ ಎನ್ನುತ್ತದೆ. ಇದಕ್ಕೆ ಬಣ್ಣ ಅಡ್ಡ ಬರುವುದಿಲ್ಲ. ಒಳಗೆ ಅಡ್ಡಪಟ್ಟಿ, ಗೋಡೆ ಇರುವ ಕಡೆಯೂ ಸದ್ದು ಬದಲಾಗುವುದರಿಂದ ಎಡಬದಿಯಲ್ಲಿ ಬಡಿದ ಜಾಗವನ್ನೇ ಬಲಬದಿಯಲ್ಲೂ ಬಡಿದು ಹೋಲಿಸಬೇಕು. ದೋಣಿಯ ಎರಡು ಬದಿ ಅವಳಿ ಮಕ್ಕಳು, ಒಂದರ ಸದ್ದು ಇನ್ನೊಂದಕ್ಕೆ ಸಾಕ್ಷಿ. ಪೇಂಟರ್ ಗುರುತು ಮಾಡಿದ ಜಾಗ ‘ದಬ್’ ಎಂದಿತು, ಒಂದು ಊಟದ ತಟ್ಟೆಯಷ್ಟು ಅಗಲಕ್ಕೆ.

ಹುಡುಗನಿಗೆ ನಾನು ಕೇಳಿದ ಮುಖ್ಯ ಪ್ರಶ್ನೆ ಬೇರೆ. “ಇದನ್ನ ನೀರಲ್ಲೇ ಬಿಡ್ತೀಯೋ, ದಿನಾ ದಡಕ್ಕೆ ಎಳೀತೀಯೋ?” “ನೀರಲ್ಲೇ ಮಾವ, ಕಟ್ಟಿ ಬಿಟ್ಟಿರ್ತೀವಿ. ಕಬಿನಿ ನೀರು ಸಿಹಿನೀರಲ್ವಾ, ಸಮುದ್ರದ ಉಪ್ಪಿಗಿಂತ ಮೆತ್ತಗೆ” ಎಂದ. ಹೆಚ್ಚಿನವರು ನಂಬಿರುವುದು ಹೀಗೆಯೇ. ಕಬ್ಬಿಣಕ್ಕೆ ಅದು ನಿಜ. ಪಾಲಿಯೆಸ್ಟರ್ ದೋಣಿಯ ತಳಕ್ಕೆ ಸಿಹಿನೀರೇ ಹೆಚ್ಚು ಕಠಿಣ.

ಒಂದು ಲೋಟ ಬರಿ ನೀರಿಗೆ, ಇನ್ನೊಂದು ಲೋಟ ಸಕ್ಕರೆ ಪಾಕಕ್ಕೆ ಒಣದ್ರಾಕ್ಷಿ ಹಾಕಿಟ್ಟು ಬೆಳಿಗ್ಗೆ ನೋಡಿ. ಬರಿ ನೀರಿನದು ಗುಂಡಗೆ ಉಬ್ಬಿರುತ್ತದೆ, ಪಾಕದ್ದು ಹಾಗೆಯೇ ಸುಕ್ಕಾಗಿರುತ್ತದೆ. ಸಿಪ್ಪೆಯ ಒಳಗೆ ಸಕ್ಕರೆ ಹೆಚ್ಚು, ಹೊರಗೆ ಇಲ್ಲವೇ ಇಲ್ಲ ಎಂದಾಗ ನೀರು ಒಳನುಗ್ಗುತ್ತದೆ. ಹೊರಗೂ ಸಕ್ಕರೆ ಇದ್ದರೆ ಆ ಸೆಳೆತವೇ ಇರುವುದಿಲ್ಲ. ಇದನ್ನು ಆಸ್ಮಾಸಿಸ್ ಎನ್ನುತ್ತೇವೆ. ದೋಣಿಯ ಜೆಲ್‌ಕೋಟ್ ದ್ರಾಕ್ಷಿಯ ಸಿಪ್ಪೆ. ಅದು ನೀರನ್ನು ಪೂರ್ತಿ ತಡೆಯುವ ಗೋಡೆಯಲ್ಲ, ನೀರಿನ ಅಣುಗಳು ನಿಧಾನವಾಗಿ ನುಸುಳುತ್ತವೆ. ಜೆಲ್‌ಕೋಟಿನ ಹಿಂದೆ, ಗಾಜಿನ ಚಾಪೆಯನ್ನು ಹಿಡಿದಿಟ್ಟ ಅಂಟು, ಸರಿಯಾಗಿ ಬೆರೆಯದೆ ಉಳಿದ ಗ್ಲೈಕಾಲ್ ಮುಂತಾದ ನೀರಿನಲ್ಲಿ ಕರಗುವ ಪದಾರ್ಥಗಳಿರುತ್ತವೆ. ಒಂದು ಸಣ್ಣ ಗಾಳಿಗುಳ್ಳೆ ಸಿಕ್ಕರೆ ಸಾಕು, ಅಲ್ಲಿ ನೀರು ಸೇರಿ ಇವನ್ನು ಕರಗಿಸಿಕೊಂಡು ಪಾಕವಾಗುತ್ತದೆ. ಪಾಕ ಮತ್ತಷ್ಟು ನೀರನ್ನು ಸೆಳೆಯುತ್ತದೆ, ಒತ್ತಡ ಏರಿ ಜೆಲ್‌ಕೋಟ್ ಬೊಕ್ಕೆಯಾಗಿ ಉಬ್ಬುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಅದು ಹೊರಗಿನಿಂದ ಆ ಸೆಳೆತವನ್ನು ತಗ್ಗಿಸುತ್ತದೆ. ಕಬಿನಿಯಲ್ಲಿ ಆ ತಡೆ ಇಲ್ಲ. ಜೊತೆಗೆ ನಮ್ಮ ನೀರು ಬೆಚ್ಚಗೆ, ಬೆಚ್ಚಗಿದ್ದಷ್ಟೂ ನುಸುಳುವುದೂ ಬೇಗ, ಕೊಳೆಯುವುದೂ ಬೇಗ.

ಇದರ ಮೇಲೆ ಇನ್ನೊಂದು ರಸಾಯನ ನಡೆಯುತ್ತದೆ. ಪಾಲಿಯೆಸ್ಟರ್ ಎಂದರೆ ಆಮ್ಲ ಮತ್ತು ಗ್ಲೈಕಾಲ್ ಕೈಹಿಡಿದು, ನಡುವಿನ ನೀರನ್ನು ಹೊರಬಿಟ್ಟು ಕಟ್ಟಿಕೊಂಡ ಸರಪಳಿ. ಹೊರಟುಹೋಗಿದ್ದ ನೀರು ವರ್ಷಗಳ ನಂತರ ಮರಳಿ ಬಂದು ಅದೇ ಕೊಂಡಿಯನ್ನು ಬಿಡಿಸುತ್ತದೆ. ಬಿಡಿಸಿದಾಗ ಮತ್ತೆ ಆಮ್ಲ, ಮತ್ತೆ ಗ್ಲೈಕಾಲ್. ಆ ಆಮ್ಲವೇ ಉಳಿದ ಕೊಂಡಿಗಳನ್ನು ಬಿಡಿಸುವ ಕೆಲಸವನ್ನು ಚುರುಕುಗೊಳಿಸುತ್ತದೆ. ಹಾಗಾಗಿ ಬೊಕ್ಕೆ ಒಡೆದರೆ ಬರುವ ದ್ರವ ವಿನೆಗರಿನಂತೆ ಹುಳಿ ವಾಸನೆ ಹೊಡೆಯುತ್ತದೆ, ಬೆರಳಿಗೆ ಎಣ್ಣೆಯಂತೆ ಜಾರುತ್ತದೆ, ನೀಲಿ ಲಿಟ್ಮಸ್ ಕಾಗದವನ್ನು ಕೆಂಪು ಮಾಡುತ್ತದೆ. ಧರ್ಮರಾಯ ವಾರಣಾವತದ ಹೊಸ ಮನೆಯಲ್ಲಿ ಅರಗು ತುಪ್ಪದ ವಾಸನೆ ಹಿಡಿದು ಗೋಡೆಯೊಳಗಿನ ಸಂಚು ತಿಳಿದ ಕಥೆ ನಮಗೆಲ್ಲ ಗೊತ್ತು. ದೋಣಿಯ ಮುಂದೆ ಮೂಗಿಗೆ ಅಷ್ಟೇ ಮರ್ಯಾದೆ ಕೊಡಿ. ಬೊಕ್ಕೆ ಚುಚ್ಚುವಾಗ ಮಾತ್ರ ಕಣ್ಣಿಗೆ ಕನ್ನಡಕ ಇರಲಿ, ಒಳಗಿನ ಒತ್ತಡಕ್ಕೆ ಆ ದ್ರವ ಚಿಮ್ಮುತ್ತದೆ.

ಬಣ್ಣ ಹೊಡೆದ ದೋಣಿಯಲ್ಲಿ ಎರಡು ಬಗೆಯ ಬೊಕ್ಕೆ ಇರಬಹುದು, ಎರಡರ ವೆಚ್ಚಕ್ಕೂ ಅಜಗಜಾಂತರ. ಬಣ್ಣದ ಪದರ ಮಾತ್ರ ಎದ್ದಿದ್ದರೆ ಉಗುರಿಗೆ ಸಿಪ್ಪೆಯಂತೆ ಹರಿಯುತ್ತದೆ, ಒಳಗೆ ಬರಿ ನೀರು, ವಾಸನೆಯಿಲ್ಲ. ಅದು ಬಣ್ಣದವನ ತಪ್ಪು. ಮೇಣ, ಸೀಮೆಎಣ್ಣೆ ಒರೆಸದೆ ಹೊಡೆದಿದ್ದಾನೆ. ಕರಾವಳಿಯ ಅನೇಕ ನಾಡದೋಣಿಗಳ ಎಂಜಿನ್ ಸೀಮೆಎಣ್ಣೆಯಲ್ಲಿ ಓಡುವುದರಿಂದ ಇದು ಅಪರೂಪವೇನಲ್ಲ. ಬೊಕ್ಕೆ ಗಡುಸಾಗಿದ್ದು ಚೂಪು ಮೊನೆಗೂ ಬಗ್ಗದಿದ್ದರೆ, ಒಳಗೆ ಹುಳಿ ದ್ರವ ಇದ್ದರೆ ಕಾಯಿಲೆ ಜೆಲ್‌ಕೋಟಿನದು.

ದೋಣಿ ತಿಂಗಳುಗಟ್ಟಲೆ ನೆಲದ ಮೇಲೆ ನಿಂತರೆ ಈ ಬೊಕ್ಕೆಗಳು ಕುಗ್ಗುತ್ತವೆ. ಆಮೇಲೆ ಉಜ್ಜಿ ಬಣ್ಣ ಹೊಡೆದರೆ ಏನೂ ಕಾಣುವುದಿಲ್ಲ. ಮತ್ತೆ ನೀರಿಗಿಳಿಸಿದ ಮೇಲೆ ಅದೇ ಜಾಗದಲ್ಲಿ ಏಳುತ್ತವೆ. ಆದ್ದರಿಂದ ‘ಎಷ್ಟು ಹಳೆಯದು’ ಎಂಬುದಕ್ಕಿಂತ ‘ನೀರಿನಿಂದ ತೆಗೆದು ಎಷ್ಟು ದಿನವಾಯಿತು, ನೀರಲ್ಲಿ ಕಟ್ಟಿಡುತ್ತಿದ್ದರೋ ದಡಕ್ಕೆ ಎಳೆಯುತ್ತಿದ್ದರೋ’ ಎಂದು ಕೇಳಬೇಕು. ನಮ್ಮ ದೋಣಿ ದಿನಾ ಮರಳಿನ ಮೇಲೆ ಎಳೆದದ್ದು ಎಂದು ಮಾರುವವರು ಹೇಳಿದರು. ಅದು ನಿಜ ಎಂದು ತಳವೇ ಹೇಳಿತು. ಬೊಕ್ಕೆ ಒಂದೂ ಇರಲಿಲ್ಲ, ಆದರೆ ತಳದ ನಡುಗೆರೆಯಲ್ಲಿ ಮರಳು ಉಜ್ಜಿ ಉಜ್ಜಿ ಜೆಲ್‌ಕೋಟ್ ಸವೆದು, ಬಣ್ಣದ ಕೆಳಗೇ ಗಾಜಿನ ನಾರು ಕೈಗೆ ತರಿತರಿಯಾಗಿ ಸಿಗುತ್ತಿತ್ತು. ಬರಿದಾದ ನಾರು ದೀಪದ ಬತ್ತಿಯಂತೆ, ತನ್ನುದ್ದಕ್ಕೂ ನೀರನ್ನು ಒಳಗೆ ಎಳೆಯುತ್ತದೆ. ಇದು ರಿಪೇರಿಯಾಗುವ ತೊಂದರೆ. ಒಣಗಿಸಿ ಎಪಾಕ್ಸಿಯಲ್ಲಿ ಹೊಸ ಪದರ ಕೂರಿಸಬೇಕು.

ತೇವ ಅಳೆಯುವ ಮೀಟರ್ ಬಗ್ಗೆ ಎರಡು ಮಾತು. ನೀರಿನ ಡೈಎಲೆಕ್ಟ್ರಿಕ್ ಗುಣಾಂಕ 80ರ ಆಸುಪಾಸು, ಒಣ ರಾಳ ಮತ್ತು ಗಾಜಿನದು ಐದಾರು. ಆ ಅಂತರವನ್ನೇ ಮೀಟರ್ ಮುಳ್ಳಿನ ಮೇಲೆ ತೋರಿಸುತ್ತದೆ. ಆದರೆ ಬಣ್ಣದಲ್ಲಿ ಲೋಹದ ಪುಡಿ ಇದ್ದರೆ, ದೋಣಿಯೊಳಗೆ ಮಳೆನೀರು ನಿಂತಿದ್ದರೆ, ಹಿಂದೆ ಟ್ಯಾಂಕಿ ಇದ್ದರೆ ಅದು ತಪ್ಪು ಹೇಳುತ್ತದೆ. ನೀರಗೆರೆಯ ಮೇಲೆ ಒಂದು, ಕೆಳಗೆ ಒಂದು ಅಳತೆ ಹಿಡಿದು ಹೋಲಿಸಲು ಒಳ್ಳೆಯದು, ಒಂದೇ ಅಂಕಿ ನೋಡಿ ತೀರ್ಮಾನಕ್ಕೆ ಬರಲು ಅಲ್ಲ.

ಹೊರಗೆ ಎಷ್ಟು ಹೊತ್ತು ಕಳೆಯುತ್ತೀರೋ ಅದಕ್ಕಿಂತ ಹೆಚ್ಚು ಹೊತ್ತು ಒಳಗೆ ಕಳೆಯಿರಿ. ಬಣ್ಣ ಹೊಡೆಸುವವರು ಸಾಮಾನ್ಯವಾಗಿ ಸೀಟಿನ ಕೆಳಗೆ, ಮೂತಿಯ ಮೂಲೆಯಲ್ಲಿ, ಲಂಗರಿನ ಹಗ್ಗ ಸುತ್ತಿಡುವ ಡಬ್ಬಿಯಲ್ಲಿ ಕೈಯಾಡಿಸುವುದಿಲ್ಲ. ಅಲ್ಲಿ ಬರಿ ರಾಳ, ಜೇನಿನ ಬಣ್ಣಕ್ಕೆ ಅರೆಪಾರದರ್ಶಕವಾಗಿ, ನಾರಿನ ನೇಯ್ಗೆ ಕಾಣುವಂತೆ ಇರುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಬಗ್ಗಿಸಿದರೆ ಬಗ್ಗಿದ ಕಡೆ ಬೆಳ್ಳಗಾಗುತ್ತದಲ್ಲ, ಪೆಟ್ಟು ತಿಂದ ಫೈಬರಿನ ಒಳಮೈಯೂ ಹಾಗೆಯೇ ಬಿಳಿಚಿಕೊಳ್ಳುತ್ತದೆ. ನಾರಿನಿಂದ ರಾಳ ಬಿಟ್ಟುಕೊಂಡು ನಡುವೆ ಗಾಳಿ ಸೇರಿದ್ದಕ್ಕೆ ಆ ಬಿಳುಪು. ಆ ಕಲೆಯನ್ನು ಹೊರಗಿನ ಯಾವ ಬಣ್ಣವೂ ಅಳಿಸದು. ಟಾರ್ಚ್ ಹಿಡಿದು ನಾನು ಬಲಬದಿಯ ಒಳಗೆ ಬಗ್ಗಿ ನೋಡಿದೆ. ಮಿಕ್ಕೆಲ್ಲ ಕಡೆ ದಪ್ಪ ನೇಯ್ಗೆ, ಆ ತಟ್ಟೆಯಗಲದಲ್ಲಿ ಮಾತ್ರ ಬೇರೆ ಚಾಪೆ, ಬೇರೆ ಬಣ್ಣದ ರಾಳ, ಅಂಚಿನಲ್ಲಿ ಎದ್ದು ನಿಂತ ಒಣನಾರು. ಪೆಟ್ಟು ಬಿದ್ದದ್ದು ನಿಜ, ತೇಪೆ ಹಾಕಿದ್ದೂ ನಿಜ, ಆದರೆ ತೇಪೆಗೆ ರಾಳ ಸರಿಯಾಗಿ ಉಣಿಸಿಲ್ಲ. ಹೊರಗಿನ ಕುಳಿಗೆ ಕಾರಿನ ಪುಟ್ಟಿ ತುಂಬಿದ್ದರು. ಟಾಲ್ಕ್ ಬೆರೆತ ಆ ಪುಟ್ಟಿ ಕಾರಿನ ಬಾಗಿಲಿಗೆ ಸರಿ. ನೀರಗೆರೆಯ ಕೆಳಗೆ ಅದು ನೀರು ಹೀರಿ ಉಬ್ಬುತ್ತದೆ.

ಇಷ್ಟಾದರೂ ನನ್ನ ಚಿಂತೆ ಇದ್ದದ್ದು ಹಿಂಬದಿಯ ಹಲಗೆಯ ಬಗ್ಗೆ. ಎಂಜಿನ್ ತೂಗುಹಾಕುವ ಆ ನಿಲುವು ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಅದರ ಒಳಗೆ ದಪ್ಪ ಪ್ಲೈವುಡ್, ಎರಡೂ ಬದಿ ಫೈಬರ್. 25 ಅಶ್ವಶಕ್ತಿಯ ಹಳೆಯ ಎಂಜಿನ್ ಸುಮಾರು 50 ಕಿಲೋ. ಪ್ರೊಪೆಲರ್ ದೋಣಿಯನ್ನು ದೂಡುವುದೆಲ್ಲ ಬೋಲ್ಟುಗಳಿಗಿಂತ ಅರ್ಧ ಮೀಟರ್ ಕೆಳಗೆ, ಆದ್ದರಿಂದ ಪ್ರತಿ ಸಲ ವೇಗ ಹೆಚ್ಚಿಸಿದಾಗಲೂ ಹಲಗೆಯನ್ನು ಸನ್ನೆಕೋಲಿನಂತೆ ತಿರುಚುತ್ತದೆ. ಬೋಲ್ಟಿನ ತೂತಿನ ಸುತ್ತ ಹಚ್ಚಿದ ಸೀಲಂಟ್ ಒಣಗಿದರೆ ನೀರು ಹನಿಹನಿಯಾಗಿ ಪ್ಲೈವುಡ್‌ಗೆ ಇಳಿಯುತ್ತದೆ. ಎರಡು ಕಡೆ ಫೈಬರ್ ಇರುವುದರಿಂದ ಹೊರಗೆ ಬರಲು ದಾರಿಯಿಲ್ಲ. ಮರದ ತೇವ ಶೇ. 20 ದಾಟಿ ಹಾಗೆಯೇ ಉಳಿದರೆ ಶಿಲೀಂಧ್ರ ಮನೆ ಮಾಡುತ್ತದೆ. ಹೊರಗೆ ಫೈಬರ್ ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಮರ ನೆನೆದ ರೊಟ್ಟಿಯಾಗಿರುತ್ತದೆ. ನೀರಿನ ನಡುವೆ ಎಂಜಿನ್ ಸಮೇತ ಹಲಗೆ ಕಿತ್ತುಬಂದರೆ ಆ ದೋಣಿಯಲ್ಲಿ ಕೂತವರ ಗತಿ ಏನು? ಜನರನ್ನು ಕೂರಿಸಿಕೊಂಡು ಹೋಗುವ ದೋಣಿಯಲ್ಲಿ ಈ ಒಂದು ಪರೀಕ್ಷೆಯನ್ನು ಯಾರ ಮುಲಾಜಿಗೂ ಬಿಡಬಾರದು.

ಎಂಜಿನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ, ಹಲಗೆ ಬಾಗುತ್ತದೆಯೇ ಎಂದು ಇನ್ನೊಬ್ಬರು ನೋಡಬೇಕು. ಬಡಿದು ಕೇಳಬೇಕು. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಒಂದು ಸ್ಕ್ರೂ ಬಿಚ್ಚಿಸಬೇಕು. ಮಾರುವವರು ಮೊದಲು ಒಪ್ಪಲಿಲ್ಲ. ಪೇಂಟರ್ ಭಾಯಿ, “ನಾನೇ ಮತ್ತೆ ಹಾಕಿ ಸೀಲ್ ಮಾಡಿ ಕೊಡ್ತೀನಿ ಬಿಡಿ” ಎಂದು ಒಪ್ಪಿಸಿದರು. ಸ್ಕ್ರೂ ಹೊರಬಂದ ಹಿಂದೆಯೇ ಕಾಫಿ ಡಿಕಾಕ್ಷನ್ ಬಣ್ಣದ ಒಂದು ಹನಿ ಇಣುಕಿ, ಹೊಸ ನೀಲಿಯ ಮೇಲೆ ಗೆರೆ ಎಳೆಯುತ್ತ ಕೆಳಗಿಳಿಯಿತು. ಆಮೇಲೆ ಇನ್ನೊಂದು. ಹುಡುಗ ಬಗ್ಗಿ ಮೂಸಿ ನೋಡಿ, “ಕೊಳೆತ ಎಲೆ ವಾಸನೆ ಮಾವ” ಎಂದ.

ಎಷ್ಟು ನೀರು ಒಳಗಿದೆ? ತಕ್ಕಡಿಯನ್ನೇ ಕೇಳಬೇಕು. ಎಂಜಿನ್ ಇಳಿಸಿ, ಟ್ರಾಲಿ ಸಮೇತ ದೋಣಿಯನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ಆಮೇಲೆ ಖಾಲಿ ಟ್ರಾಲಿ ತೂಗಿಸಿದೆವು. ಅಲ್ಲಿ ಐದು ಹತ್ತು ಕಿಲೋ ಹೆಚ್ಚುಕಡಿಮೆ ಬರುವುದು ಸಹಜ. ಈ ದೋಣಿ ಕಟ್ಟಿದ ಕಡೆಗೆ ಹುಡುಗ ಫೋನ್ ಮಾಡಿ ಕೇಳಿದಾಗ ಬರಿ ದೋಣಿ 260 ಕಿಲೋ ಎಂದಿದ್ದರು. ಚೀಟಿಯಲ್ಲಿ ಬಂದದ್ದು 330. ಬಣ್ಣ, ಪುಟ್ಟಿ ಎಲ್ಲ ಸೇರಿ ಹತ್ತು ಕಿಲೋ ಎಂದಿಟ್ಟುಕೊಂಡರೂ ಮಿಕ್ಕ ಅರವತ್ತು ಕಿಲೋ ನೀರು. ಟ್ರಾನ್ಸಮ್‌ನಲ್ಲಿ ಅಷ್ಟೊಂದು ಹಿಡಿಸದು. ಸೀಟಿನ ಕೆಳಗೆ, ದೋಣಿ ಮಗುಚಿದರೂ ಮುಳುಗದಿರಲಿ ಎಂದು ತುಂಬಿಸಿದ್ದ ಫೋಮ್ ಬಹುಪಾಲು ಕುಡಿದಿರಬೇಕು. ಕಾಪಾಡಲೆಂದು ಇಟ್ಟ ಫೋಮೇ ಭಾರವಾಗಿ ಕೂತಿತ್ತು. ತೂಗಲು ಅನುಕೂಲ ಇಲ್ಲದವರಿಗೆ ಆರ್ಕಿಮಿಡೀಸನ ದಾರಿ ಇದೆ. ಈ ಅಳತೆಯ ದೋಣಿ ನೀರಿನ ಮೇಲೆ ಸುಮಾರು 5 ಚದರ ಮೀಟರ್ ಜಾಗ ಹಿಡಿಯುತ್ತದೆ, ಆದ್ದರಿಂದ ಪ್ರತಿ 50 ಕಿಲೋಗೆ ಒಂದು ಸೆಂಟಿಮೀಟರ್ ಆಳಕ್ಕಿಳಿಯುತ್ತದೆ. ಹಳೆಯ ನೀರಗೆರೆಯ ಕಲೆಯನ್ನು ಹೊಸ ಬಣ್ಣ ಮುಚ್ಚಿರುತ್ತದೆ ನಿಜ, ಆದರೆ ಅದೇ ಮಾದರಿಯ ಇನ್ನೊಂದು ದೋಣಿಯ ಪಕ್ಕ ತೇಲಿಬಿಟ್ಟರೆ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ.

ಬಣ್ಣದ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡದ್ದು ಅದು ಎಲ್ಲಕ್ಕಿಂತ ಕಡಿಮೆ ಮುಖ್ಯ ಎಂದು. ಹತ್ತಿಗೆ ತಿನ್ನರ್ ಅದ್ದಿ ಮರೆಯ ಜಾಗದಲ್ಲಿ ಉಜ್ಜಿದರೆ, ಬಣ್ಣ ಕರಗಿ ಬಂದರೆ ಅದು ಮನೆಗೇಟಿಗೆ ಹೊಡೆಯುವ ಒಂದು ಡಬ್ಬಿಯ ಬಣ್ಣ. ಜಗ್ಗದಿದ್ದರೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರೆಥೇನಿನಂಥ ಬಣ್ಣ, ಹೆಚ್ಚು ಬಾಳುವುದು ಇದು. ಬ್ಲೇಡಿನಿಂದ ಸಣ್ಣ ಚೌಕುಳಿ ಗೀರಿ ಟೇಪ್ ಅಂಟಿಸಿ ಕಿತ್ತರೆ ಚೌಕಗಳು ಟೇಪಿನ ಜೊತೆ ಬರಬಾರದು. ಕಾಗದಪತ್ರದ ಕೆಲಸವೂ ಇದೆ. ಒಳನಾಡಿನ ನೀರಿನಲ್ಲಿ ಯಂತ್ರ ಹಾಕಿ ಓಡಿಸುವ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ನೋಂದಣಿ, ತಪಾಸಣೆ ಆಗಬೇಕು. ಸಮುದ್ರದಲ್ಲಿ ಮೀನು ಹಿಡಿದ ದೋಣಿಯಾದರೆ ಅಲ್ಲಿನ ನೋಂದಣಿ ರದ್ದಾದ ಪತ್ರ ಕೈಗೆ ಬಾರದೆ ಹಣ ಕೊಡಬೇಡಿ. ದೋಣಿಯ ಬದಿಯಲ್ಲಿ ಬರೆದಿದ್ದ ಹಳೆಯ ನೋಂದಣಿ ಅಕ್ಷರಗಳ ಅಂಚು ಎಷ್ಟೇ ಬಣ್ಣ ಹೊಡೆದರೂ ಓರೆ ಬೆಳಕಿನಲ್ಲಿ ತುಸು ಎದ್ದು ಕಾಣುತ್ತದೆ. ಅದನ್ನು ಓದಿ ಪತ್ರದೊಂದಿಗೆ ತಾಳೆ ನೋಡಿ. ನಮಗೆ ತಾಳೆಯಾಯಿತು.

ವೇಬ್ರಿಡ್ಜಿನ ಚೀಟಿ ಮುಂದಿಟ್ಟ ಮೇಲೆ ಮಾರುವವರು ಹೆಚ್ಚು ವಾದಿಸಲಿಲ್ಲ. ತಾವೂ ಬೇರೆಯವರಿಂದ ಕೊಂಡು ಬಣ್ಣ ಹೊಡೆಸಿದ್ದಷ್ಟೇ, ಒಳಗಿನದು ಗೊತ್ತಿರಲಿಲ್ಲ ಎಂದರು. ಅವರ ಮಾತನ್ನು ನಾನು ನಂಬಿದೆ. ಬೊಕ್ಕೆಯಿಲ್ಲದ ತಳ, ಗಟ್ಟಿ ಬದಿಗಳು, ಸರಿಯಾದ ಕಾಗದ. ಕೆಟ್ಟಿದ್ದು ಟ್ರಾನ್ಸಮ್, ಫೋಮ್, ಒಂದು ತೇಪೆ, ನಡುಗೆರೆ. ಅಷ್ಟನ್ನು ಹೊಸದಾಗಿ ಮಾಡಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಹುಡುಗ ಅದನ್ನೇ ಕೊಂಡ.

ಈಗ ದೋಣಿ ಅದೇ ಶೆಡ್ಡಿನಲ್ಲಿ ಬೋರಲಾಗಿ ಮಲಗಿದೆ. ಕೊಳೆತ ಪ್ಲೈವುಡ್ಡನ್ನು ಉಳಿಯಿಂದ ಕೆತ್ತಿ ತೆಗೆದು, ಫೋಮನ್ನು ಮೊರದಲ್ಲಿ ತುಂಬಿ ಹೊರಹಾಕಿ ಆಗಿದೆ. ಭಾಯಿ ಮೂಗಿಗೆ ಮಾಸ್ಕ್ ಕಟ್ಟಿ, ನೀರು ಹಾಕುತ್ತ ವಾಟರ್ ಪೇಪರಿನಿಂದ ನಡುಗೆರೆ ಉಜ್ಜುತ್ತಾರೆ, ಗಾಜಿನ ಪುಡಿ ಶ್ವಾಸಕ್ಕೆ ಹೋಗಬಾರದು. ನೀಲಿಯ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಅಚ್ಚಿನಿಂದ ಎದ್ದ ದಿನದ ಹಳದಿ ಜೆಲ್‌ಕೋಟ್. ಎರಡು ದಿನಕ್ಕೊಮ್ಮೆ ಹುಡುಗ ಬಂದು ಸವೆದ ಜಾಗವನ್ನು ಬಿಸಿನೀರಿನಲ್ಲಿ ತೊಳೆದು ಒಣಗಲು ಬಿಡುತ್ತಾನೆ. ಗಾಳಿಗೆ ಬಿಟ್ಟರೆ ಮಾತ್ರ ಸಾಲದು, ಒಳಗುಳಿದ ಗ್ಲೈಕಾಲ್ ಗಾಳಿಯ ತೇವವನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹೊಸ ಪದರ ಕೂರಿಸುವುದು ಮೀಟರಿನ ಮುಳ್ಳು ನೀರಗೆರೆಯ ಮೇಲೂ ಕೆಳಗೂ ಒಂದೇ ಕಡೆ ನಿಂತ ಮೇಲೆ. ಹೋದ ಭಾನುವಾರ ನೋಡಿದಾಗ ಇನ್ನೂ ಎರಡು ಗೆರೆ ವ್ಯತ್ಯಾಸ ಇತ್ತು.